ಊರನ್ನು ಉಳಿಸಿದವನು ಊರಲ್ಲೇಕೆ ಉಳಿಯುವುದಿಲ್ಲ?

ಪ್ರಶ್ನೆ: ಈಚೆಗೆ ಹಾಲಿವುಡ್ಡಿನ ಹಳೆಯ ವೆಸ್ಟರ್ನ್ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಎಲ್ಲಿಂದಲೋ ಬಂದ ನಾಯಕ ದುಷ್ಟರನ್ನು ಹೊಡೆದು ಊರನ್ನು ಕಾಪಾಡುತ್ತಾನೆ. ಊರಿನವರಿಗೆ ಅವನ ಮೇಲೆ ಪ್ರೀತಿಯೂ ಇರುತ್ತದೆ. ಆದರೂ ಕೊನೆಗೆ ಕುದುರೆ ಹತ್ತಿ ಹೊರಟೇ ಹೋಗುತ್ತಾನೆ. ಕ್ಲಿಂಟ್ ಈಸ್ಟ್‌ವುಡ್ ಚಿತ್ರಗಳಲ್ಲೂ ಹೀಗೇ. ಯಾಕೆ? ಇನ್ನೊಂದು ಸಣ್ಣ ಅನುಮಾನ: ಕಥೆ ನಿಲ್ಲಿಸಿ ಅಷ್ಟು ಹೊತ್ತು ಬಂಡೆ, ಬಯಲು, ಆಕಾಶ ತೋರಿಸುವುದು ಬರೀ ಅಂದಕ್ಕೋ, ಅದಕ್ಕೇನಾದರೂ ಅರ್ಥವಿದೆಯೋ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಎರಡು ಅನುಮಾನ ಎಂದು ಬರೆದಿದ್ದೀರಿ. ನನಗೆ ಅವೆರಡೂ ಒಂದೇ ಎನಿಸುತ್ತದೆ. ನಾಯಕ ಯಾಕೆ ಹೊರಡುತ್ತಾನೆ ಎಂಬುದಕ್ಕೆ ಉತ್ತರ ಆ ಬಂಡೆ, ಬಯಲುಗಳಲ್ಲೇ ಇದೆ. ಪಾತ್ರಗಳು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಕ್ಯಾಮೆರಾ ತೋರಿಸುತ್ತದೆ. ನಾವು ಕಥೆಯ ಬೆನ್ನು ಹತ್ತಿ ನೋಡುವವರಾದ್ದರಿಂದ ಅದು ಕಣ್ತಪ್ಪುವುದು ಸಹಜ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಈಸ್ಟ್‌ವುಡ್ಡರ ಹೆಸರು ಹೇಳಿದ್ದೀರಿ. ಅವರನ್ನು ಜಗತ್ತಿಗೆ ಪರಿಚಯಿಸಿದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' (1964), 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' (1966) ಮುಂತಾದವು ಹಾಲಿವುಡ್ಡಿನವಲ್ಲ. ಇಟಲಿಯ ಸೆರ್ಜಿಯೊ ಲಿಯೋನೆ ನಿರ್ದೇಶಿಸಿ, ಬಹುಪಾಲು ಸ್ಪೇನಿನಲ್ಲಿ ಚಿತ್ರೀಕರಿಸಿದವು. ಅಲ್ಲಿಯೂ ನಾಯಕ ಕೊನೆಗೆ ಹೊರಡುತ್ತಾನೆ ನಿಜ. ಆದರೆ ಆ ಊರುಗಳನ್ನು ನೆನಪಿಸಿಕೊಳ್ಳಿ: ಬಾಗಿಲು ಮುಚ್ಚಿದ ಮನೆಗಳು, ಹೆಣದ ಪೆಟ್ಟಿಗೆ ಮಾಡುವವನಿಗೆ ಕೈತುಂಬ ಕೆಲಸ, ಬೀದಿಯಲ್ಲಿ ಆಡುವ ಮಕ್ಕಳಿಲ್ಲ, ಶಾಲೆಯಿಲ್ಲ. ಉಳಿಯುವಂಥದ್ದು ಅಲ್ಲಿ ಏನೂ ಇಲ್ಲ. ಹಣಕ್ಕಾಗಿ ಬಂದವನು ಹಣ ಎತ್ತಿಕೊಂಡು ಹೋಗುತ್ತಾನೆ. ಅದಕ್ಕಿಂತ ಹಿಂದಿನ, ಸುಮಾರು 1939ರಿಂದ 1962ರವರೆಗಿನ ಹಾಲಿವುಡ್ ವೆಸ್ಟರ್ನ್‌ಗಳಲ್ಲಿ ಊರು ಉಳಿಯಲು ಯೋಗ್ಯವಾದದ್ದು. ಉಳಿ ಎಂದು ಕೇಳುವವರೂ ಇದ್ದಾರೆ. ಆದ್ದರಿಂದಲೇ ಹೊರಡುವುದು ನೋಯುತ್ತದೆ. ನಿಮ್ಮ ಪ್ರಶ್ನೆ ಹುಟ್ಟಿದ್ದು ಈ ನೋವಿನಿಂದ ಎಂದುಕೊಂಡು ಈ ಎರಡನೆಯ ಬಗೆಯ ಚಿತ್ರಗಳ ಬಗ್ಗೆಯೇ ಬರೆಯುತ್ತೇನೆ.

ಈ ಕಥೆಗಳು ನಡೆಯುವ ಕಾಲ ಯಾವುದು ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಅದಕ್ಕೂ ಮೊದಲೇ, 1862ರಲ್ಲಿ, ಹೋಮ್‌ಸ್ಟೆಡ್ ಕಾಯ್ದೆ ಬಂದಿತ್ತು: 160 ಎಕರೆ ನೆಲದಲ್ಲಿ ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದರೆ, ಅಲ್ಪ ಶುಲ್ಕಕ್ಕೆ ಆ ನೆಲ ನಿಮ್ಮದು. 1869ರಲ್ಲಿ ಖಂಡದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲು ಹಾದಿ ಯೂಟಾದ ಪ್ರಾಮಂಟರಿಯಲ್ಲಿ ಕೂಡಿತು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದರು. ಮುಳ್ಳುತಂತಿ ಸಣ್ಣ ವಸ್ತುವಲ್ಲ. ಬೇಲಿಯೇ ಇಲ್ಲದ ಹುಲ್ಲುಗಾವಲಿನಲ್ಲಿ ಸಾವಿರಾರು ದನಗಳನ್ನು ಮೇಯಿಸಿ ದೊಡ್ಡವರಾದವರಿಗೂ, ನಾಲ್ಕು ಮೂಲೆಗೆ ಕಂಬ ನೆಟ್ಟು ಆಲೂಗಡ್ಡೆ ಹಾಕಲು ಬಂದವರಿಗೂ ಜಗಳ ಹತ್ತಿದ್ದೇ ಅಲ್ಲಿ. 1890ರ ಜನಗಣತಿಯ ಹೊತ್ತಿಗೆ, ಇನ್ನು ಗಡಿನಾಡು ಎಂದು ಗೆರೆ ಎಳೆದು ತೋರಿಸುವಂಥದ್ದು ಉಳಿದಿಲ್ಲ ಎಂದು ಸರ್ಕಾರವೇ ಹೇಳಿಬಿಟ್ಟಿತು.

ಅಂದರೆ ಒಟ್ಟು ಇಪ್ಪತ್ತೈದು ವರ್ಷಗಳ ಕಥೆ ಇದು. ಆ ಕಾಲ ನಡೆದದ್ದಕ್ಕಿಂತ ಹೆಚ್ಚು ವರ್ಷ ಅದರ ಬಗ್ಗೆ ಸಿನಿಮಾ ತೆಗೆದಿದ್ದಾರೆ. ಟೂಂಬ್‌ಸ್ಟೋನ್ ಊರಿನ ಗುಂಡಿನ ಕಾಳಗದಲ್ಲಿದ್ದ ವಯಟ್ ಅರ್ಪ್ 1929ರವರೆಗೂ ಬದುಕಿದ್ದು, ತೀರಿಕೊಂಡದ್ದು ಲಾಸ್ ಏಂಜಲಿಸಿನಲ್ಲಿ. ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಟಾಮ್ ಮಿಕ್ಸ್, ವಿಲಿಯಂ ಎಸ್. ಹಾರ್ಟ್ ಎಂಬ ಇಬ್ಬರು ಮೂಕಿಚಿತ್ರಗಳ ಕೌಬಾಯ್ ನಟರಿದ್ದರು. ಇತಿಹಾಸವೂ ಸಿನಿಮಾವೂ ಇಷ್ಟು ಹತ್ತಿರ ನಿಂತದ್ದು ಅಪರೂಪ.

ಈಗ ವಿಷಯಕ್ಕೆ ಬರೋಣ. ಕಾನೂನಿಲ್ಲದ ನೆಲದಲ್ಲಿ ಊರು ಹುಟ್ಟುತ್ತಿದೆ. ಕೋರ್ಟು, ಶಾಲೆ, ಚರ್ಚು, ಪತ್ರಿಕೆ ಎಲ್ಲ ಇನ್ನು ಬರಬೇಕು. ಅವು ಬರುವವರೆಗೆ ಊರನ್ನು ಕಾಯಲು ಬಂದೂಕು ಬಲ್ಲವನು ಬೇಕು. ಅವು ಬಂದ ಮೇಲೆ ಬಂದೂಕೇ ಊರಿಗೆ ಅಪಾಯ. ನಾಯಕ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ತನಗೆ ಜಾಗವಿಲ್ಲದಂತೆ ಮಾಡಿಕೊಳ್ಳುತ್ತಾನೆ. ಅವನು ಹೊರಡುವುದನ್ನು ತ್ಯಾಗ ಎಂದು ಕರೆಯುವುದು ರೂಢಿ. ನಾನು ಹಾಗೆ ಕರೆಯುವುದಿಲ್ಲ. ತ್ಯಾಗ ಎಂದರೆ ಉಳಿಯುವ ಆಯ್ಕೆ ಇದ್ದು ಬಿಡಬೇಕು. ಇವನಿಗೆ ಆ ಆಯ್ಕೆಯೇ ಇಲ್ಲ.

'ಶೇನ್' (1953) ಚಿತ್ರ ಇದನ್ನು ಬಹಳ ನೇರವಾಗಿ ಹೇಳುತ್ತದೆ. ಜಾರ್ಜ್ ಸ್ಟೀವನ್ಸ್ ನಿರ್ದೇಶನ, ಅಲನ್ ಲ್ಯಾಡ್ ನಾಯಕ. ವಯೋಮಿಂಗ್‌ನ ಜ್ಯಾಕ್ಸನ್ ಹೋಲ್ ಕಣಿವೆ. ಹಿಂದೆ ಹಿಮ ಹೊತ್ತ ಟೀಟನ್ ಪರ್ವತಗಳ ಸಾಲು. ಮೊದಲ ದೃಶ್ಯದಲ್ಲಿ ನೀರು ಕುಡಿಯುತ್ತಿದ್ದ ಜಿಂಕೆ ತಲೆಯೆತ್ತುತ್ತದೆ, ಅದರ ಕೊಂಬುಗಳ ನಡುವೆ ದೂರದಲ್ಲಿ ಒಬ್ಬ ಸವಾರ ಕಾಣುತ್ತಾನೆ. ಅವನು ಬಂದದ್ದು ಬೆಟ್ಟದ ಕಡೆಯಿಂದ, ಊರಿನ ಕಡೆಯಿಂದಲ್ಲ ಎಂಬುದನ್ನು ಅಲ್ಲೇ ಗುರುತು ಹಾಕಿಕೊಳ್ಳಿ. ರೈತ ಜೋ ಸ್ಟಾರೆಟ್‌ನ ಮನೆಯಲ್ಲಿ ಕೂಲಿಯಾಳಾಗಿ ನಿಲ್ಲುತ್ತಾನೆ. ಅಂಗಡಿಗೆ ಹೋಗಿ ರೈತರು ತೊಡುವ ಬಟ್ಟೆ ಕೊಳ್ಳುತ್ತಾನೆ. ಅಂಗಳದಲ್ಲಿದ್ದ ದೊಡ್ಡ ಮರದ ಬೊಡ್ಡೆಯನ್ನು ಇಬ್ಬರೂ ಕೊಡಲಿ ಹಿಡಿದು, ಕೊನೆಗೆ ಹೆಗಲು ಕೊಟ್ಟು ಉರುಳಿಸುತ್ತಾರೆ. ಅವನು ಉಳಿಯಲು ಮನಸ್ಸಿಟ್ಟು ಪ್ರಯತ್ನಿಸುತ್ತಾನೆ, ಇದು ಮುಖ್ಯ. ಆದರೆ ದನಗಳ ಒಡೆಯ ರೈಕರ್ ಬಾಡಿಗೆ ಬಂದೂಕುಗಾರನನ್ನು ಕರೆಸುತ್ತಾನೆ. ಆ ಬಂದೂಕುಗಾರ ವಿಲ್ಸನ್ ಅಂಗಡಿಯ ಒಣ ಜಗಲಿಯ ಮೇಲೆ ನಿಂತಿದ್ದಾನೆ. ಬಡರೈತ ಟೋರಿ ಕೆಳಗೆ ಬೀದಿಯ ಕೆಸರಿನಲ್ಲಿ ಕಾಲು ಜಾರುತ್ತ ನಡೆಯುತ್ತಾನೆ. ಒಂದೇ ಗುಂಡು. ಟೋರಿ ಯಾರೋ ಎಳೆದು ಎಸೆದಂತೆ ಹಿಂದಕ್ಕೆ ಹಾರಿ ಕೆಸರಿಗೆ ಬೀಳುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ಚಿತ್ರೀಕರಣ ಮಾಡಿ, ಡಖಾವ್ ಶಿಬಿರವನ್ನು ಕಣ್ಣಾರೆ ಕಂಡು ಬಂದಿದ್ದ ಸ್ಟೀವನ್ಸ್, ಗುಂಡು ಎಂದರೆ ಏನೆಂದು ಪ್ರೇಕ್ಷಕರಿಗೆ ಗೊತ್ತಾಗಲೇಬೇಕು ಎಂದು ಆ ಶಬ್ದವನ್ನು ಬೇಕೆಂದೇ ದೊಡ್ಡದು ಮಾಡಿಸಿದರು.

ಕೊನೆಯಲ್ಲಿ ಶೇನ್ ಮತ್ತೆ ತನ್ನ ಹಳೆಯ ಬಟ್ಟೆ ತೊಟ್ಟು, ಪಿಸ್ತೂಲಿನ ಪಟ್ಟಿ ಕಟ್ಟಿಕೊಂಡು ಬರುತ್ತಾನೆ. ರೈಕರ್‌ಗೆ ನಿನ್ನ ಕಾಲ ಮುಗಿಯಿತು ಎನ್ನುತ್ತಾನೆ. ನಿನ್ನದು ಮುಗಿದಿಲ್ಲವೇ ಎಂದು ರೈಕರ್ ಕೇಳಿದರೆ, ನನಗೆ ಅದು ಗೊತ್ತಿದೆ, ನಿನಗೂ ನನಗೂ ಇರುವ ವ್ಯತ್ಯಾಸ ಅಷ್ಟೇ ಎಂಬ ಅರ್ಥದ ಉತ್ತರ ಕೊಡುತ್ತಾನೆ. ನಿಮ್ಮ ಪ್ರಶ್ನೆಗೆ ನಾಯಕನೇ ಕೊಟ್ಟ ಉತ್ತರ ಇದು. ಗಮನಿಸಿ, ರೈಕರ್‌ನನ್ನೂ ಚಿತ್ರ ಬರೀ ಕೇಡಿಯಾಗಿ ನೋಡುವುದಿಲ್ಲ. ನಾವು ರಕ್ತ ಸುರಿಸಿ ಹಸನು ಮಾಡಿದ ನೆಲಕ್ಕೆ ಈಗ ಬೇಲಿ ಹಾಕಲು ಬಂದಿದ್ದಾರೆ ಎಂಬ ಅವನ ದೂರಿಗೆ ನಿರ್ದೇಶಕರು ಪೂರ್ತಿ ಸಮಯ ಕೊಟ್ಟಿದ್ದಾರೆ. ವಯೋಮಿಂಗ್‌ನಲ್ಲಿ 1892ರಲ್ಲಿ ದನಗಳ ದೊಡ್ಡ ಒಡೆಯರು ಬಾಡಿಗೆ ಬಂದೂಕುಗಾರರನ್ನು ಕರೆತಂದು ಸಣ್ಣ ಹಿಡುವಳಿದಾರರ ಮೇಲೆ ನುಗ್ಗಿದ್ದು ನಿಜಕ್ಕೂ ನಡೆದದ್ದು. ಜಾನ್ಸನ್ ಕೌಂಟಿ ಯುದ್ಧ ಎಂದು ಅದಕ್ಕೆ ಹೆಸರು.

ಇನ್ನು ಬಂಡೆಗಳ ವಿಷಯ. ನೀವು ನೋಡಿದ ಚಿತ್ರಗಳಲ್ಲಿ ನೆಲದಿಂದ ನೆಟ್ಟಗೆ ಎದ್ದ, ಕೋಟೆಯ ಬುರುಜಿನಂಥ ಗುಡ್ಡಗಳು ಪದೇ ಪದೇ ಬಂದಿದ್ದರೆ ಅದು ಮಾನ್ಯುಮೆಂಟ್ ವ್ಯಾಲಿ. ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿ, ನವಾಹೊ ಬುಡಕಟ್ಟಿನವರ ನೆಲದಲ್ಲಿದೆ. ಕಬ್ಬಿಣದಂಶದಿಂದ ಕೆಂಪಾದ ಮರಳುಗಲ್ಲು. ಎತ್ತರದವು ಸುಮಾರು ಸಾವಿರ ಅಡಿ. ನಿರ್ದೇಶಕ ಜಾನ್ ಫೋರ್ಡ್ ಅಲ್ಲಿ ಮೊದಲು ಚಿತ್ರೀಕರಿಸಿದ್ದು 'ಸ್ಟೇಜ್‌ಕೋಚ್' (1939). ಅಲ್ಲಿ ಅಂಗಡಿ ಇಟ್ಟಿದ್ದ ಹ್ಯಾರಿ ಗೌಲ್ಡಿಂಗ್ ಎಂಬವರು, ಆರ್ಥಿಕ ಕುಸಿತದ ದಿನಗಳಲ್ಲಿ ಸುತ್ತಲಿನ ನವಾಹೊ ಜನರಿಗೆ ಕೆಲಸ ಸಿಗಲೆಂದು ಆ ಕಣಿವೆಯ ಫೋಟೋಗಳನ್ನು ಹಿಡಿದು 1938ರಲ್ಲಿ ಹಾಲಿವುಡ್ಡಿಗೇ ಹೋಗಿ ಫೋರ್ಡರಿಗೆ ತೋರಿಸಿದರು ಎಂಬ ಕಥೆ ಪ್ರಸಿದ್ಧ. ಆಮೇಲೆ 1964ರವರೆಗೂ ಫೋರ್ಡ್ ಮತ್ತೆ ಮತ್ತೆ ಅಲ್ಲಿಗೇ ಹೋದರು.

ಭೂಗೋಳದ ಲೆಕ್ಕದಲ್ಲಿ ಇದು ತಪ್ಪು. 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' (1946) ಕಥೆ ನಡೆಯುವ ಟೂಂಬ್‌ಸ್ಟೋನ್ ಇರುವುದು ಅರಿಜೋನಾದ ದಕ್ಷಿಣದ ತುದಿಯಲ್ಲಿ, ಮೆಕ್ಸಿಕೋ ಗಡಿಯ ಹತ್ತಿರ; ಮಾನ್ಯುಮೆಂಟ್ ವ್ಯಾಲಿ ಇರುವುದು ಉತ್ತರದ ಅಂಚಿನಲ್ಲಿ. 'ದ ಸರ್ಚರ್ಸ್' (1956) ಶುರುವಾಗುವಾಗ ಟೆಕ್ಸಸ್, 1868 ಎಂದು ಪರದೆಯ ಮೇಲೆ ಬರುತ್ತದೆ. ಟೆಕ್ಸಸಿನಲ್ಲಿ ಇಂಥ ಗುಡ್ಡಗಳೇ ಇಲ್ಲ. ಅಷ್ಟೇ ಅಲ್ಲ, ಆ ಚಿತ್ರದ ಕುಟುಂಬಗಳು ಮನೆ ಕಟ್ಟಿಕೊಂಡಿರುವ ನೆಲದಲ್ಲಿ ಬೆಳೆ ತೆಗೆಯುವುದಾಗಲಿ ದನ ಸಾಕುವುದಾಗಲಿ ಆಗುವ ಮಾತಲ್ಲ. ಫೋರ್ಡರಿಗೆ ಇದೆಲ್ಲ ಗೊತ್ತಿಲ್ಲದೆ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಅಳತೆಗೋಲು. ಸಾವಿರ ಅಡಿಯ ಬಂಡೆಯ ಬುಡದಲ್ಲಿ ಒಂದು ಮನೆ ಇಟ್ಟರೆ, ಆ ಮನೆ ಎಷ್ಟು ಚಿಕ್ಕದು, ಅದನ್ನು ಕಟ್ಟಿದವರದ್ದು ಎಷ್ಟು ಧೈರ್ಯ ಅಥವಾ ಎಷ್ಟು ಹುಚ್ಚು ಎಂದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ನಾಯಕ ಮಾತ್ರ ಆ ಬಂಡೆಗಳ ಮುಂದೆ ಚಿಕ್ಕವನಾಗಿ ಕಾಣುವುದಿಲ್ಲ, ಅವುಗಳ ನೆಂಟನಂತೆ ಕಾಣುತ್ತಾನೆ. ಮನೆಯೊಳಗೆ ಬಂದಾಗಲೇ ಅವನಿಗೆ ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂದು ತಿಳಿಯುವುದಿಲ್ಲ.

'ಕ್ಲೆಮೆಂಟೈನ್'ನ ಭಾನುವಾರದ ಬೆಳಗನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಡೀ ವೆಸ್ಟರ್ನ್ ಪರಂಪರೆಯಲ್ಲಿ ನನಗೆ ಬಹಳ ಇಷ್ಟವಾದ ಹತ್ತು ನಿಮಿಷ ಅದು. ಹೆನ್ರಿ ಫಾಂಡಾ ವಯಟ್ ಅರ್ಪ್ ಆಗಿದ್ದಾರೆ. ಜಗಲಿಯಲ್ಲಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಕಂಬಕ್ಕೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಒತ್ತಿ ತೂಗುತ್ತ ಕೂರುತ್ತಾರೆ. ಕ್ಷೌರದಂಗಡಿಯವನು ಕೂದಲಿಗೆ ಅತ್ತರು ಬಳಿದು ಕಳಿಸಿದ್ದಾನೆ. ಗಾಳಿಯಲ್ಲಿ ಹೂವಿನ ಪರಿಮಳ ಬಂತು ಎಂದು ನಾಯಕಿ ಕ್ಲೆಮೆಂಟೈನ್ ಹೇಳಿದಾಗ, ಅದು ನನ್ನದೇ, ಕ್ಷೌರದವನು ಹಾಕಿದ್ದು ಎಂದು ಅರ್ಪ್ ನಾಚುತ್ತ ಒಪ್ಪಿಕೊಳ್ಳುತ್ತಾನೆ. ಊರಿನಲ್ಲಿ ಚರ್ಚು ಕಟ್ಟುತ್ತಿದ್ದಾರೆ. ಕಟ್ಟಿರುವುದು ಬರೀ ಹಲಗೆಯ ನೆಲ, ಗಂಟೆಗೋಪುರದ ಚೌಕಟ್ಟು, ಎರಡು ಬಾವುಟ. ಗೋಡೆ ಇಲ್ಲ, ಮಾಡು ಇಲ್ಲ. ಆ ಬಯಲು ನೆಲದ ಮೇಲೆ ಪಿಟೀಲು ಬಾರಿಸಿ ಜನ ಕುಣಿಯುತ್ತಾರೆ. ಅರ್ಪ್ ಟೋಪಿ ತೆಗೆದು ಕ್ಲೆಮೆಂಟೈನ್ ಜೊತೆ ಕುಣಿಯುತ್ತಾನೆ. ಹಿಂದೆ ಅದೇ ಬಂಡೆಗಳು. ಚರ್ಚಿಗೆ ಗೋಡೆ ಬರುವ ಮೊದಲು ಮಾತ್ರ ಇದು ಸಾಧ್ಯ: ಅವನು ಊರಿನೊಳಗೂ ಇದ್ದಾನೆ, ಬಯಲಿನಲ್ಲೂ ಇದ್ದಾನೆ. ಗೋಡೆ ಎದ್ದ ಮೇಲೆ ಒಂದನ್ನು ಬಿಡಬೇಕು. ಚಿತ್ರದ ಕೊನೆಗೆ ಕ್ಲೆಮೆಂಟೈನ್ ಊರಿನಲ್ಲಿ ಶಾಲೆಯ ಶಿಕ್ಷಕಿಯಾಗಿ ಉಳಿಯುತ್ತಾಳೆ, ಅರ್ಪ್ ಬಂಡೆಗಳ ಕಡೆ ಹೋಗುವ ದಾರಿ ಹಿಡಿಯುತ್ತಾನೆ.

ನಿಜವಾದ ಟೂಂಬ್‌ಸ್ಟೋನ್ ಕಾಳಗ ನಡೆದದ್ದು 1881ರ ಅಕ್ಟೋಬರ್ 26ರಂದು. ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಯಿತು, ಮೂವರು ಸತ್ತರು. ಅದಕ್ಕೆ ಕಾರಣಗಳಲ್ಲಿ ಒಂದು, ಊರಿನೊಳಗೆ ಬಂದೂಕು ಹಿಡಿದು ತಿರುಗಬಾರದು ಎಂಬ ಪುರಸಭೆಯ ನಿಯಮ! ಸಿನಿಮಾದ ಗಡಿನಾಡಿನಲ್ಲಿ ಎಲ್ಲರ ಸೊಂಟದಲ್ಲೂ ಪಿಸ್ತೂಲು ಇರುತ್ತದೆ. ನಿಜವಾದ ಊರುಗಳು ತಮಗೆ ಸಾಧ್ಯವಾದ ಕೂಡಲೇ ಪಿಸ್ತೂಲನ್ನು ಊರ ಹೊರಗಿಡಲು ನೋಡುತ್ತಿದ್ದವು.

ಇಷ್ಟು ಓದಿದ ಮೇಲೆ ಊರು ಎಂದರೆ ಒಳ್ಳೆಯದು, ಬಯಲು ಎಂದರೆ ಕೆಟ್ಟದ್ದು ಎಂದು ನಿಮಗೆ ಅನಿಸಬಹುದು. ಫೋರ್ಡ್ ಹಾಗೆ ನಂಬಿದವರಲ್ಲ. 'ಸ್ಟೇಜ್‌ಕೋಚ್'ನಲ್ಲಿ ಒಂಬತ್ತು ಜನ ಒಂದು ಕುದುರೆಗಾಡಿಯಲ್ಲಿ ಅಪಾಚೆ ಬುಡಕಟ್ಟಿನವರ ನಾಡನ್ನು ದಾಟುತ್ತಾರೆ. ಊರ ಹೆಂಗಸರು ಮರ್ಯಾದೆಯ ಹೆಸರಿನಲ್ಲಿ ಹೊರಗೆ ಹಾಕಿದ ಡ್ಯಾಲಸ್ ಎಂಬ ಹೆಣ್ಣುಮಗಳು, ಕುಡುಕ ಡಾಕ್ಟರು, ಜೈಲಿನಿಂದ ತಪ್ಪಿಸಿಕೊಂಡ ರಿಂಗೋ. ಇವರ ಜೊತೆಗೆ ಎಲ್ಲರಿಗೂ ಬುದ್ಧಿ ಹೇಳುವ ಗೌರವಸ್ಥ ಬ್ಯಾಂಕರು. ಅವನ ಚೀಲದಲ್ಲಿರುವುದು ಕದ್ದ ಹಣ. ದಾರಿಯಲ್ಲಿ ಊಟಕ್ಕೆ ನಿಂತಾಗ ರಿಂಗೋ ಡ್ಯಾಲಸ್‌ಗೆ ಕುರ್ಚಿ ಎಳೆದುಕೊಡುತ್ತಾನೆ. ಅವಳು ಕೂತದ್ದು ಸೇನಾಧಿಕಾರಿಯ ಹೆಂಡತಿ ಲೂಸಿಯ ಹತ್ತಿರ. ಲೂಸಿ ಒಂದು ಕ್ಷಣ ದಿಟ್ಟಿಸಿ ನೋಡುತ್ತಾಳೆ, ಆಮೇಲೆ ಕಿಟಕಿಯ ಹತ್ತಿರ ತಂಪು ಎಂಬ ನೆಪದಲ್ಲಿ ಎದ್ದು ಮೇಜಿನ ಆ ತುದಿಗೆ ಹೋಗುತ್ತಾಳೆ. ತನ್ನ ಜೊತೆ ಕೂತದ್ದಕ್ಕೇ ಅವರು ಎದ್ದುಹೋದರು ಎಂದು ರಿಂಗೋ ತಿಳಿದುಕೊಳ್ಳುತ್ತಾನೆ. ಪಂಕ್ತಿಭೇದ ಕಂಡು ಬೆಳೆದ ನಮಗೆ ಆ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಕೊನೆಗೆ ಈ ಇಬ್ಬರನ್ನೂ ಗಡಿಯಾಚೆಯ ರಿಂಗೋನ ಜಮೀನಿಗೆ ಕಳಿಸಿಕೊಡುವಾಗ, ನಾಗರಿಕತೆಯ ಕಾಟದಿಂದ ಇವರಾದರೂ ಪಾರಾದರು ಎಂದು ಡಾಕ್ಟರು ಖುಷಿಪಡುತ್ತಾನೆ. ಇಲ್ಲಿ ಊರಿಗೆ ನಾಯಕ ಬೇಡವಾದದ್ದಷ್ಟೇ ಅಲ್ಲ, ನಾಯಕನಿಗೂ ಊರು ಬೇಡ.

ಇದೇ ಮಾತನ್ನು ಇನ್ನೂ ಕಟುವಾಗಿ ಹೇಳಿದ ಚಿತ್ರ ಫ್ರೆಡ್ ಜಿನ್ನೆಮನ್ನರ 'ಹೈ ನೂನ್' (1952). ಅಲ್ಲಿ ಬಂಡೆಯೂ ಇಲ್ಲ, ಪರ್ವತವೂ ಇಲ್ಲ. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಆಕಾಶವನ್ನು ಬೇಕೆಂದೇ ಬೋಳು ಬಿಳಿಯಾಗಿ ಬಿಟ್ಟಿದ್ದಾರೆ. ಒಂದು ಮೋಡದ ಆಸರೆಯೂ ಇಲ್ಲ. ಮಧ್ಯಾಹ್ನದ ರೈಲಿಗೆ ಕೊಲೆಗಾರ ಬರುತ್ತಿದ್ದಾನೆ. ಮಾರ್ಷಲ್ ಕೇನ್ ಚರ್ಚಿನಲ್ಲಿ, ಸಲೂನಿನಲ್ಲಿ, ಮನೆಮನೆಯಲ್ಲಿ ನೆರವು ಕೇಳುತ್ತಾನೆ. ಒಬ್ಬೊಬ್ಬರದ್ದು ಒಂದೊಂದು ನೆಪ. ನ್ಯಾಯಾಧೀಶರಂತೂ ಗೋಡೆಯ ಬಾವುಟವನ್ನು ಮಡಚಿ, ನ್ಯಾಯದ ತಕ್ಕಡಿಯನ್ನು ಚೀಲಕ್ಕೆ ತುಂಬಿಕೊಂಡು ಊರು ಬಿಡುತ್ತಾರೆ. ಕಮ್ಯುನಿಸ್ಟರ ಹುಡುಕಾಟದ ಆ ದಿನಗಳಲ್ಲಿ ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್ ಸ್ವತಃ ಹಾಲಿವುಡ್ಡಿನ ಕಪ್ಪುಪಟ್ಟಿ ಸೇರಿದರು ಎಂಬುದು ತಿಳಿದರೆ ಆ ಖಾಲಿ ಬೀದಿಯ ಅರ್ಥ ಇನ್ನಷ್ಟು ಆಳವಾಗುತ್ತದೆ. ಗೆದ್ದ ಮೇಲೆ ಕೇನ್ ತನ್ನ ಮಾರ್ಷಲ್ ಬಿಲ್ಲೆಯನ್ನು ಕಿತ್ತು ಧೂಳಿಗೆ ಹಾಕಿ, ಹೆಂಡತಿಯೊಂದಿಗೆ ಗಾಡಿ ಹತ್ತಿ ಹೋಗುತ್ತಾನೆ. ನಿರ್ದೇಶಕ ಹೊವರ್ಡ್ ಹಾಕ್ಸ್ ಮತ್ತು ನಟ ಜಾನ್ ವೇನ್ ಇಬ್ಬರಿಗೂ ಈ ಚಿತ್ರ ಹಿಡಿಸಲಿಲ್ಲ. ಅದಕ್ಕೆ ಉತ್ತರವಾಗಿ 'ರಿಯೊ ಬ್ರಾವೊ' (1959) ಮಾಡಿದರು. ಅದರಲ್ಲಿ ಶೆರಿಫ್ ಊರವರ ನೆರವನ್ನೇ ಕೇಳುವುದಿಲ್ಲ.

ಈಗ 'ದ ಸರ್ಚರ್ಸ್'ಗೆ ಬರೋಣ. ನಿಮ್ಮ ಎರಡೂ ಪ್ರಶ್ನೆಗಳು ಒಂದೇ ಚೌಕಟ್ಟಿನಲ್ಲಿ ಕೂಡುವುದು ಇಲ್ಲಿ. ಚಿತ್ರ ಕತ್ತಲಿನಿಂದ ಶುರುವಾಗುತ್ತದೆ. ಒಳಗಿನಿಂದ ಬಾಗಿಲು ತೆರೆದುಕೊಳ್ಳುತ್ತದೆ, ಒಬ್ಬ ಹೆಂಗಸಿನ ನೆರಳು, ಆಚೆ ಕಣ್ಣು ಕೋರೈಸುವ ಕೆಂಪು ಬಯಲು, ಅಲ್ಲಿಂದ ಒಬ್ಬ ಸವಾರ ಬರುತ್ತಾನೆ. ಅವನು ಈಥನ್ ಎಡ್ವರ್ಡ್ಸ್. ಜಾನ್ ವೇನ್ ಮಾಡಿದ ಪಾತ್ರಗಳಲ್ಲೆಲ್ಲ ದೊಡ್ಡದು. ಯುದ್ಧ ಮುಗಿದು ಮೂರು ವರ್ಷವಾದರೂ ಸೋತ ಪಕ್ಷದ ಕೋಟು ಬಿಟ್ಟಿಲ್ಲ. ಬಾಗಿಲಲ್ಲಿ ನಿಂತವಳು ಅವನ ಸಹೋದರನ ಹೆಂಡತಿ ಮಾರ್ಥಾ. ಮರುದಿನ ಅವನು ಹೊರಡುವಾಗ ಅವಳು ಒಳಗೆ ಹೋಗಿ ಅವನ ಕೋಟನ್ನು ಎತ್ತಿಕೊಂಡು ಮೆಲ್ಲಗೆ ಸವರುತ್ತಾಳೆ. ಮುಂದಿನ ಕೋಣೆಯಲ್ಲಿ ನಿಂತು ಕಾಫಿ ಕುಡಿಯುತ್ತಿರುವ ಪಾದ್ರಿ ಕ್ಲೇಟನ್‌ಗೆ ಅದು ಕಾಣುತ್ತದೆ; ಅವನು ಕಾಣದವನಂತೆ ನೇರ ಮುಂದಕ್ಕೆ ನೋಡುತ್ತ ಕಾಫಿ ಕುಡಿಯುವುದನ್ನು ಮುಂದುವರಿಸುತ್ತಾನೆ. ಈಥನ್‌ಗೆ ಈ ಮನೆಯಲ್ಲಿ ಯಾಕೆ ಜಾಗವಿಲ್ಲ ಎಂದು ಒಂದೇ ಒಂದು ಮಾತಿಲ್ಲದೆ ಹೇಳಿ ಮುಗಿಯಿತು.

ಆಮೇಲೆ ಕೊಮ್ಯಾಂಚಿ ಬುಡಕಟ್ಟಿನವರು ಮನೆ ಸುಟ್ಟು, ಮಾರ್ಥಾಳ ಕಿರಿಮಗಳು ಡೆಬಿಯನ್ನು ಒಯ್ಯುತ್ತಾರೆ. ಈಥನ್ ವರ್ಷಗಟ್ಟಲೆ ಹುಡುಕುತ್ತಾನೆ. ಮೊದಲು ಕಾಪಾಡಲು, ಬರಬರುತ್ತ ಕೊಲ್ಲಲು. ಅವರ ನಡುವೆ ಬೆಳೆದವಳು ಬದುಕಿರಬಾರದು ಎಂಬ ದ್ವೇಷ ಅವನದು. ದಾರಿಯಲ್ಲಿ ಸಿಕ್ಕ ಒಬ್ಬ ಕೊಮ್ಯಾಂಚಿಯ ಹೆಣದ ಕಣ್ಣುಗಳಿಗೆ ಗುಂಡು ಹೊಡೆಯುತ್ತಾನೆ. ಕಣ್ಣಿಲ್ಲದ ಆತ್ಮ ಪರಲೋಕ ಸೇರದೆ ಗಾಳಿಯಲ್ಲಿ ಅಲೆಯಬೇಕು ಎಂದು ಅವರ ನಂಬಿಕೆ ಎನ್ನುತ್ತಾನೆ. ಅವರ ಮುಖಂಡ ಸ್ಕಾರ್‌ನ ಇಬ್ಬರು ಮಕ್ಕಳನ್ನು ಬಿಳಿಯರು ಕೊಂದಿದ್ದಾರೆ. ಇಬ್ಬರ ದ್ವೇಷವೂ ಒಂದೇ ಅಚ್ಚಿನದು. ನಾಯಕ ಎಂದರೆ ನಾವು ಮೆಚ್ಚಲೇಬೇಕಾದವನು ಎಂಬ ನಂಬಿಕೆಯನ್ನು ಫೋರ್ಡ್ ಇಲ್ಲಿ ಮುರಿಯುತ್ತಾರೆ. ಕೊನೆಗೆ ಈಥನ್ ಡೆಬಿಯನ್ನು ಕೊಲ್ಲದೆ, ಎತ್ತಿಕೊಂಡು ನೆರೆಯವರ ಮನೆಗೆ ತರುತ್ತಾನೆ. ಎಲ್ಲರೂ ಒಬ್ಬೊಬ್ಬರಾಗಿ ಬಾಗಿಲು ದಾಟಿ ಒಳಗೆ ಹೋಗುತ್ತಾರೆ. ಈಥನ್ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಎಡಗೈಯಲ್ಲಿ ಬಲ ಮೊಣಕೈ ಹಿಡಿದು ಒಂದು ಕ್ಷಣ ನಿಲ್ಲುತ್ತಾನೆ, ತಿರುಗಿ ನಡೆಯುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಗಾಳಿಯಲ್ಲಿ ಅಲೆಯುವ ಪಾಡು ಅವನದೇ ಆಯಿತು. ಮೊಣಕೈ ಹಿಡಿಯುವ ಆ ಭಂಗಿ ಹಳೆಯ ನಟ ಹ್ಯಾರಿ ಕ್ಯಾರಿಯದ್ದು. ಅದೇ ದೃಶ್ಯದಲ್ಲಿ ಮನೆಯೊಡತಿಯ ಪಾತ್ರದಲ್ಲಿರುವ ಆಲಿವ್ ಕ್ಯಾರಿ ಅವರ ಪತ್ನಿ. ಗೆಳೆಯನಿಗೆ ಸಲ್ಲಿಸಿದ ಗೌರವ ಅದು.

ಇಲ್ಲಿಯವರೆಗೆ ನಾಯಕ, ಸಮಾಜ, ನೆಲ ಎಂದು ಮೂರರ ಬಗ್ಗೆ ಹೇಳಿದೆ. ನಾಲ್ಕನೆಯವರನ್ನು ಬಿಟ್ಟರೆ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಈ ಚಿತ್ರಗಳು ಖಾಲಿ ಎಂದು ತೋರಿಸುವ ಬಯಲು ಎಂದೂ ಖಾಲಿ ಇರಲಿಲ್ಲ. ನವಾಹೊ ಜನರನ್ನು 1864ರಲ್ಲಿ ಸೇನೆ ನೂರಾರು ಮೈಲಿ ನಡೆಸಿಕೊಂಡು ಹೋಗಿ ಬಾಸ್ಕ್ ರೆಡಾಂಡೊದಲ್ಲಿ ಕೂಡಿಹಾಕಿತ್ತು. ಅವರು ತಮ್ಮ ನೆಲಕ್ಕೆ ಹಿಂದಿರುಗಲು ಒಪ್ಪಂದವಾದದ್ದು 1868ರ ಜೂನ್‌ನಲ್ಲಿ. 'ದ ಸರ್ಚರ್ಸ್'ನ ಕಥೆ ಶುರುವಾಗುವ ವರ್ಷವೂ ಅದೇ. ಆದರೆ ಆ ಬಂಡೆಗಳ ನಿಜವಾದ ಮನೆಯವರು ಪರದೆಯ ಮೇಲೆ ಬರುವುದು ಕೊಮ್ಯಾಂಚಿಗಳಾಗಿ, ಅಪಾಚೆಗಳಾಗಿ. ಆಡುವುದು ಮಾತ್ರ ನವಾಹೊ ಭಾಷೆ. ಮುಖ್ಯ ಪಾತ್ರ ಸ್ಕಾರ್ ಕೂಡ ಅವರಿಗೆ ಸಿಗಲಿಲ್ಲ. ಅದನ್ನು ಮಾಡಿದ ಹೆನ್ರಿ ಬ್ರ್ಯಾಂಡನ್ ಜರ್ಮನಿಯಲ್ಲಿ ಹುಟ್ಟಿದವರು. ಫೋರ್ಡ್ ಅಲ್ಲಿನ ಜನರಿಗೆ ಕೆಲಸ ಕೊಟ್ಟರು, ಅವರಲ್ಲಿ ಸ್ನೇಹ ಸಂಪಾದಿಸಿದರು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡು ನೋಡಬೇಕು. 1958ರಲ್ಲಿ ಮಾನ್ಯುಮೆಂಟ್ ವ್ಯಾಲಿ ನವಾಹೊ ಬುಡಕಟ್ಟಿನ ಉದ್ಯಾನವಾಯಿತು, ಇಂದಿಗೂ ಅವರದೇ ಆಡಳಿತದಲ್ಲಿದೆ.

ಕೊನೆಯದಾಗಿ ಫೋರ್ಡರ 'ದ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್' (1962). ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ. ಬಣ್ಣವಿಲ್ಲ, ಬಂಡೆಗಳಿಲ್ಲ, ಬಹುಪಾಲು ಸ್ಟುಡಿಯೊ ಒಳಗೇ ತೆಗೆದದ್ದು. ಬಯಲು ಕಾಣೆಯಾಗಿದೆ, ನಾಯಕನೂ ಆಗಲೇ ಸತ್ತಿದ್ದಾನೆ. ರೈಲಿನಲ್ಲಿ ಬಂದ ಸೆನೆಟರ್ ಮತ್ತು ಅವರ ಪತ್ನಿ ಹ್ಯಾಲಿ, ಊರಿನವರಿಗೆ ಹೆಸರೂ ಮರೆತುಹೋದ ಟಾಮ್ ಡೊನಿಫನ್‌ನ ಹೆಣ ನೋಡಲು ಬಂದಿದ್ದಾರೆ. ಸಾದಾ ಮರದ ಪೆಟ್ಟಿಗೆ. ಅವನ ಬೂಟುಗಳನ್ನೂ ಪೆಟ್ಟಿಗೆ ಮಾಡಿದವನು ತೆಗೆದಿಟ್ಟುಕೊಂಡಿದ್ದಾನೆ. ಕಾನೂನು ಪುಸ್ತಕ ಹಿಡಿದು ಬಂದ ವಕೀಲ ಸೆನೆಟರ್ ಆದ. ಅವನಿಗೆ ದಾರಿ ಮಾಡಿಕೊಟ್ಟವನು ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ಒಂದು ಕಾಲದ ಕಾಡುನೆಲ ಈಗ ತೋಟವಾಗಿದೆ ಎಂದು ಹ್ಯಾಲಿ ರೈಲಿನ ಕಿಟಕಿಯಾಚೆ ನೋಡುತ್ತ ಹೇಳುವಾಗ ಅವಳ ದನಿಯಲ್ಲಿ ಸಂತೋಷವಿಲ್ಲ. ನಡುವೆ ಏನಾಯಿತು ಎಂದು ಹೇಳಿ ನಿಮ್ಮ ಕುತೂಹಲ ಕೆಡಿಸುವುದಿಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ ಬೇಕಿದ್ದರೆ 'ಶೋಲೆ' (1975) ಇದೆ. ವೆಸ್ಟರ್ನ್‌ಗಳಿಂದ ಕಲಿತು, ರಾಮನಗರದ ಬಂಡೆಗಳ ನಡುವೆ ತೆಗೆದದ್ದು. ಅಲ್ಲಿ ಬಂಡೆ ಗಬ್ಬರ್‌ನ ಪಾಲಿಗೆ ಸೇರಿದೆ, ಊರು ಠಾಕೂರನ ಪಾಲಿಗೆ. ಬಾಡಿಗೆಗೆ ಬಂದ ಇಬ್ಬರಲ್ಲಿ ಒಬ್ಬ ಸಾಯುತ್ತಾನೆ, ಇನ್ನೊಬ್ಬ ರೈಲು ಹತ್ತುತ್ತಾನೆ. ಈ ಉತ್ತರ ಓದಿದ ಮೇಲೆ ಅದನ್ನು ಇನ್ನೊಮ್ಮೆ ನೋಡಿ, ಅಳತೆಗೋಲು ಯಾವುದೆಂದು ನೀವೇ ಹೇಳಬಲ್ಲಿರಿ.

ನೋಡುವ ಕ್ರಮ ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಮೊದಲು 'ಸ್ಟೇಜ್‌ಕೋಚ್', ಆಮೇಲೆ 'ಕ್ಲೆಮೆಂಟೈನ್', 'ಹೈ ನೂನ್', 'ಶೇನ್', 'ದ ಸರ್ಚರ್ಸ್', ಕೊನೆಗೆ 'ಲಿಬರ್ಟಿ ವ್ಯಾಲೆನ್ಸ್'. ಕೊನೆ ಗೊತ್ತಿದ್ದರೆ ಕೆಡುವ ಚಿತ್ರಗಳಲ್ಲ ಇವು. 'ದ ಸರ್ಚರ್ಸ್' ಅನ್ನು ಮಾತ್ರ ದಯವಿಟ್ಟು ಮೊಬೈಲಿನಲ್ಲಿ ನೋಡಬೇಡಿ. ಸಿಗುವ ಅತಿ ದೊಡ್ಡ ಪರದೆಯಲ್ಲಿ ನೋಡಿ. ನೋಡಿದ ಮೇಲೆ ಹೊಸ ಅನುಮಾನ ಬಂದರೆ ಬರೆಯಿರಿ, ನನ್ನ ಮಾತು ಒಪ್ಪಿಗೆಯಾಗದಿದ್ದರೂ ಬರೆಯಿರಿ.